ನೀವು ಹೇಳಿದ್ರಿ, ಕೇಳ್ಲಿಲ್ಲ

ನಮ್ಮ ಕಡೆ ಮಳಿ ಹಿಡಿದು ಎಂಟು ದಿನ ಆತು. ಒಗೆದ ಅರಬಿ ಒಣಗವಲ್ಲವು. ಪಡಸಾಲ್ಯಾಗ ಹಗ್ಗಾ ಕಟ್ಟಿ ಹಾಕೇವಿ, ಮನಿ ಅನ್ನೋದು ಜಾತ್ರ್ಯಾಗಿನ ಅರಬಿ ಅಂಗಡಿ ಆಗೇತಿ.

ಇಂಥಾದ್ರಾಗ ಮೊನ್ನೆ ಮಧ್ಯಾಹ್ನ ನನ್ನ ತಂಗಿ ಮಗಳು ಫೋನ್ ಹಚ್ಚಿದ್ಲು. "ದೊಡ್ಡವ್ವಾ, ನಮ್ಮ ಅತ್ತಿಯವ್ರಿಗೆ ನೀನರ ಒಂದು ಮಾತು ಹೇಳು. ಕಿವಿ ಮಷೀನು ತಂದು ಮೂರು ತಿಂಗಳಾತು. ಡಬ್ಬಿ ಸಮೇತ ಟ್ರಂಕಿನ್ಯಾಗ ಇಟ್ಟಾರ. ಕೇಳಿದ್ರ 'ನನಗ ಎಲ್ಲಾ ಕೇಳಸ್ತೈತಿ' ಅಂತಾರ. ಬಾಗಲಾ ಬಡದ್ರ ಕೇಳಂಗಿಲ್ಲ, ಕುಕ್ಕರ್ ಸೀಟಿ ಹೊಡದ್ರ ಕೇಳಂಗಿಲ್ಲ. ಹೇಳಿ ಹೇಳಿ ನನ್ನ ಗಂಟಲಾ ಬಿದ್ದೈತಿ" ಅಂದ್ಲು. ದನಿ ಅಳೂ ಹಂಗ ಆಗಿತ್ತು.

ಆ "ಹೇಳಿ ಹೇಳಿ" ಅನ್ನೋ ಮಾತು ಕಿವಿಗೆ ಬಿದ್ದ ಕೂಡ್ಲೆ ನನಗ ನಮ್ಮ ಅತ್ತಿಯವ್ರು ನೆನಪಾದ್ರು. ನಾನೂ ಹಂಗ ಹೇಳಿ ಹೇಳಿ ಒಂದು ದೊಡ್ಡ ತಪ್ಪು ಮಾಡೇನಿ. ಫೋನಿನ್ಯಾಗ ಅಕಿಗೆ ಅರ್ಧಾ ಹೇಳಿದೆ. ಪೂರ್ತಿ ಇಲ್ಲೆ ಬರೀತೇನಿ. ಬರಿಯೋದು ಸಂಡಾಸದ ವಿಷಯ. ತಾಟು ಮುಂದ ಇಟ್ಕೊಂಡು ಕುಂತವ್ರು ಇದ್ರ ಊಟಾ ಮುಗಿಸಿ ಬಂದು ಓದ್ರಿ.

ನಮ್ಮದು ಹಳೇ ಮನಿ, ನಿಮಗ ಗೊತ್ತೈತಿ. ಮುಂದ ಪಡಸಾಲಿ, ಒಳಗ ನಡಮನಿ, ನಡಮನಿ ಬಲಕ್ಕ ದೇವರ ಜಗಲಿ. ಜಗಲಿ ಹಿಂದಿನ ಗ್ವಾಡಿಗೆ ಹತ್ತಿ ಕಾಳು-ಕಡಿ ಇಡೋ ಒಂದು ಸಣ್ಣ ಖೋಲಿ. ಆಮ್ಯಾಲೆ ಅಡಗಿಮನಿ, ಹಿತ್ತಲಾ. ಹಿತ್ತಲದಾಗ ಬಚ್ಚಲಾ, ಬಚ್ಚಲದಿಂದ ಹತ್ತು ಹೆಜ್ಜಿ ದೂರ ಸಂಡಾಸ, ಹಳೇ ಪದ್ಧತಿದು, ಕುಕ್ಕರಗಾಲಿಲೆ ಕೂಡೋದು. ಅಲ್ಲಿತನಕ ಫರಸಿ ಹಾಸಿತ್ತು. ಬ್ಯಾಸಿಗ್ಯಾಗ ಏನೂ ತ್ರಾಸ ಇಲ್ಲ, ಮಳಿಗಾಲ ಬಂತಂದ್ರ ಪಾಚಿ ಕಟ್ಟಿ ಜಾರತಿತ್ತು.

2018ರ ಮಳಿಗಾಲ ಅದು. ಅತ್ತಿಯವ್ರಿಗೆ ಆವಾಗ 76. ಸಕ್ಕರಿ ಬ್ಯಾನಿ ಇಪ್ಪತ್ತು ವರ್ಷದಿಂದ, ಮೊಣಕಾಲು ನೋವು ಹತ್ತು ವರ್ಷದಿಂದ. ಒಂದು ರಾತ್ರಿ ಎರಡು ಗಂಟೆ ಸುಮಾರಿಗೆ ಹೊರಗ ಹೋಗಿ ಬರೂಮುಂದ ಜಾರಿ ಬಿದ್ರು. ಪುಣ್ಯಾಕ್ಕ ಎಲುವು ಮುರೀಲಿಲ್ಲ. ಟೊಂಕದ ಕಡೆ ನೇರಳೆಹಣ್ಣಿನ ಬಣ್ಣಕ್ಕ ತಿರುಗಿತ್ತು, ಅಷ್ಟ. "ಈ ವಯಸ್ಸಿನ್ಯಾಗ ಟೊಂಕದ ಎಲುವು ಮುರದ್ರ ಎದ್ದು ಓಡ್ಯಾಡೋದು ಭಾಳ ಕಷ್ಟ. ಇನ್ನ ಮ್ಯಾಲೆ ಕುಕ್ಕರಗಾಲಿಲೆ ಕೂಡೂದು ಬ್ಯಾಡ, ಕಮೋಡ್ ಹಾಕಸ್ರಿ" ಅಂದ್ರು ಡಾಕ್ಟರು.

ನಮ್ಮ ಮಗಾ ಬೆಂಗಳೂರಿಂದ ಓಡಿ ಬಂದ. ಅಂವಾ ಎಲ್ಲಾದಕ್ಕೂ ಒಂದು ನಕಾಶಿ ತಗೀತಾನ. ಬಂದ ದಿನಾನ ಟೇಪು ಹಿಡಕೊಂಡು ಕಾಳಿನ ಖೋಲಿ ಅಳತಿ ಮಾಡಿದ. "ಇದಕಿಂತ ಛಲೋ ಜಾಗಾ ಇಲ್ಲ. ಅಜ್ಜಿ ಹಾಸಿಗಿಯಿಂದ ಎಂಟು ಹೆಜ್ಜಿ. ಮಳಿ ಇಲ್ಲ, ಪಾಚಿ ಇಲ್ಲ" ಅಂದ. ನಮ್ಮನಿಯವ್ರು ಹೂಂ ಅಂದ್ರು. ನಾನೂ ಹೂಂ ಅಂದೆ. ಗೌಂಡಿಗೆ ಫೋನ್ ಆತು. ಎಲ್ಲಾ ಮಾತು ನಡಮನ್ಯಾಗ ನಡದಿತ್ತು. ಅತ್ತಿಯವ್ರು ಅಲ್ಲೇ ಕುಂತು ಮೆಂತ್ಯೆ ಪಲ್ಲೆ ಸೋಸಾಕತ್ತಿದ್ರು. ತಲಿ ಎತ್ತಲಾರದ ಒಮ್ಮೆ ಅಂದ್ರು, "ನನಗ ಬ್ಯಾಡವಾ ಅದು."

ಅಷ್ಟ ಅಂದದ್ದು. ನಾವು ಮೂರೂ ಮಂದಿ ಅವ್ರ ಮ್ಯಾಲೆ ಬಿದ್ವಿ. ಮಗಾ ಮೊಬೈಲಿನ್ಯಾಗ ಫೋಟೊ ತೋರಿಸಿದ. ನಮ್ಮನಿಯವ್ರು "ಅವ್ವಾ, ಈಗ ಎಲ್ಲಾರ ಮನ್ಯಾಗೂ ಇದ ಇರತೈತಿ" ಅಂದ್ರು. ನಾ ಅಂದದ್ದು ಎಲ್ಲಾದಕಿಂತ ಕೆಟ್ಟದ್ದು, "ನೀವು ಬಿದ್ದು ಎಲುವು ಮುರಕೊಂಡ್ರ ಮಾಡೋರು ಯಾರ್ರಿ? ನಾನ ಅಲ್ಲೇನು?" ಅತ್ತಿಯವ್ರು ಪಲ್ಲೆ ಬುಟ್ಟಿ ತಗೊಂಡು ಎದ್ದು ಒಳಗ ಹೋದ್ರು. ಅವ್ರು ಒಪ್ಪಿದ್ರು ಅಂತ ನಾವು ತಿಳಕೊಂಡ್ವಿ.

ಹನ್ನೆರಡು ದಿನದಾಗ ಕೆಲಸ ಮುಗೀತು. ಬೆಳ್ಳನ್ನ ಟೈಲ್ಸು, ಬೆಳ್ಳನ್ನ ಕಮೋಡು, ಗ್ವಾಡಿಗೆ ಸ್ಟೀಲಿನ ಹಿಡಿಕಿ. ಓಣಿ ಮಂದಿ ಬಂದು ನೋಡಿ "ಅಜ್ಜಿ ನಸೀಬದಾಕಿ" ಅಂದು ಹೋದ್ರು. ಅಜ್ಜಿ ಮಾತ್ರ ಆ ಬಾಗಲದ ಕಡೆ ಮಾರಿ ಮಾಡ್ಲಿಲ್ಲ. ಮಗಾ ವಾಪಸ್ ಹೋಗೂಮುಂದ "ಅಮ್ಮಾ, ಒಂದು ವಾರದಾಗ ರೂಢಿ ಆಗತೈತಿ ಬಿಡು" ಅಂದ. ವಾರ ಆತು, ತಿಂಗಳಾತು. ಅತ್ತಿಯವ್ರು ಬ್ಯಾಟರಿ ಹಿಡಕೊಂಡು ಹಿತ್ತಲಕ್ಕ ಹೋಗೋದು ಬಿಡ್ಲಿಲ್ಲ.

ನಾ ದಿನಾ ಹೇಳಿದೆ. ಸಮಾಧಾನದಿಂದ ಹೇಳಿದೆ, ಸಿಟ್ಟಿನಿಂದ ಹೇಳಿದೆ, ಬಂದ ಬೀಗರ ಮುಂದ ಹೇಳಿ ನಾಚಿಕಿನೂ ಪಡಿಸಿದೆ. ರಾತ್ರಿ ಅವ್ರು ಎದ್ರ ನಾನೂ ಏಳ್ತಿದ್ದೆ, ಹಿಂದಿಂದ ಗೊಣಗಿಕೋತ ಹೋಗ್ತಿದ್ದೆ. ಆಮ್ಯಾಲೆ ಅವ್ರು ಲೈಟ್ ಹಚ್ಚಲಾರದ ಹೋಗಾಕ ಸುರು ಮಾಡಿದ್ರು, ನಾ ಎದ್ದು ಬೈಬಾರದು ಅಂತ. ಕತ್ತಲದಾಗ, ಜಾರೋ ಫರಸಿ ಮ್ಯಾಲೆ! ಯಾವುದು ಆಗಬಾರದು ಅಂತ ನಾ ಹೇಳತಿದ್ದೆನೋ ಅದಕ್ಕ ನಾನ ದಾರಿ ಮಾಡಿ ಕೊಟ್ಟಿದ್ದೆ.

ಸ್ವಲ್ಪ ದಿನದ ಮ್ಯಾಲೆ ಅವ್ರು ರಾತ್ರಿ ಏಳೋದು ಕಮ್ಮಿ ಆತು. ನನಗ ಖುಷಿ ಆತು. "ನಿದ್ದಿ ಛಲೋ ಹತ್ತಾಕತ್ತೈತಿ" ಅಂತ ನಮ್ಮನಿಯವ್ರಿಗೆ ಹೇಳಿದೆ. ಅದ ಟೈಮಿಗೆ ಅವ್ರು ರಾತ್ರಿ ಊಟದಾಗ ಮಜ್ಜಿಗಿ ಬಿಟ್ರು. ನಮ್ಮ ಅತ್ತಿಯವ್ರು ಅಂದ್ರ ರೊಟ್ಟಿ ಇರಲಿ, ನುಚ್ಚು ಇರಲಿ, ಕಡೀಕೆ ಒಂದು ದೊಡ್ಡ ವಾಟಗಾ ಮಜ್ಜಿಗಿ ಕುಡೀದ ತಾಟು ಬಿಟ್ಟು ಎದ್ದವ್ರಲ್ಲ. "ನೆಗಡಿ ಆಗತೈತಿ, ಬ್ಯಾಡ" ಅಂದ್ರು. ಮಳಿಗಾಲ ಐತಿ, ಇರಬಹುದು ಅಂದ್ಕೊಂಡೆ. ಸಂಜಿ ಚಾ ಅರ್ಧಾ ಕಪ್ಪಿಗೆ ಬಂತು. ಗುಳಿಗಿ ನುಂಗಾಕ ಎರಡು ಗುಟುಕು ನೀರು. ಎಲ್ಲಾ ನನ್ನ ಕಣ್ಣ ಮುಂದ ಆತು. ನಾ ನೋಡಿದೆ, ಆದ್ರ ನನಗ ತಿಳೀಲಿಲ್ಲ.

ಒಂದು ದಿನ ಮುಂಜಾನೆ ಮೈ ಕಾದಿತ್ತು. ನನ್ನ ಮಾರಿ ನೋಡಿ ತಮ್ಮ ತಂಗಿ ಹೆಸರು ಹಿಡಿದು ಕರದ್ರು. "ಅಪ್ಪ ಅಂಗಡಿ ಬಂದ್ ಮಾಡಿ ಬಂದನೇನ?" ಅಂತ ಕೇಳಿದ್ರು. ಅವ್ರಪ್ಪ ತೀರಿ ಮೂವತ್ತು ವರ್ಷ ಆಗಿತ್ತು. ನನ್ನ ಕೈಕಾಲು ತಣ್ಣಗಾದ್ವು.

ದವಾಖಾನಿಗೆ ಒಯ್ದ್ವಿ. ಉಚ್ಚಿ ತಪಾಸ ಮಾಡಿ ಮೂತ್ರದ ಸೋಂಕು ಅಂದ್ರು. ಸಕ್ಕರಿ ಬ್ಯಾನಿ ಇದ್ದ ವಯಸ್ಸಾದ ಹೆಣ್ಣಮಕ್ಕಳಿಗೆ ಇದು ಲಗೂನ ಬರತೈತಂತ, ನೀರು ಕಮ್ಮಿ ಕುಡಿದು, ತಡಕೊಂಡು ಕುಂತ್ರ ಇನ್ನೂ ಜಾಸ್ತಿ. ವಯಸ್ಸಾದವ್ರಿಗೆ ಉರಿ, ನೋವು ಗೊತ್ತಾಗೋಕಿಂತ ಮೊದಲ ಹಿಂಗ ಮಾತು ತಪ್ಪತೈತಂತ. ಇದನ್ನ ನೀವೂ ನೆನಪಿಟ್ಕೊಳ್ರಿ: ನಿನ್ನೆತನಕ ಸರಿ ಇದ್ದ ಅಜ್ಜಿ ಒಮ್ಮಿದೊಮ್ಮೆಲೆ ಅಡ್ಡ ಮಾತಾಡಿದ್ರ ಅರಳು-ಮರಳು ಅಂತ ಬಿಡಬ್ಯಾಡ್ರಿ, ಅವತ್ತ ಡಾಕ್ಟರಿಗೆ ತೋರಿಸ್ರಿ.

ಡಾಕ್ಟರಮ್ಮ ನನ್ನ ಕೇಳಿದ್ರು, "ಅಜ್ಜಿ ದಿನಕ್ಕ ಎಷ್ಟು ನೀರು ಕುಡೀತಾರ?" "ಕುಡೀತಾರ್ರಿ, ಬೇಕಾದಷ್ಟು" ಅಂದೆ. ಅಂದ ಮ್ಯಾಲೆ ಮನಸ್ಸಿನ್ಯಾಗ ಲೆಕ್ಕಾ ಹಾಕಿದೆ. ಮುಂಜಾನೆ ಒಂದು ಕಪ್ಪು ಚಾ, ಮಧ್ಯಾಹ್ನ ಅರ್ಧಾ ವಾಟಗಾ ಮಜ್ಜಿಗಿ, ಸಂಜಿಗೆ ಅರ್ಧಾ ಚಾ, ಗುಳಿಗಿಗೆ ಎರಡೆರಡು ಗುಟುಕು. ಅಲ್ಲೇ ಬೆಂಚಿನ ಮ್ಯಾಲೆ ಕುಂತುಬಿಟ್ಟೆ. ರಾತ್ರಿ ಏಳಬಾರದು ಅಂತ ಅವ್ರು ನೀರು ಬಿಟ್ಟಿದ್ರು. ನಾ ಅದನ್ನ ನಿದ್ದಿ ಅಂತ ಹೇಳ್ಕೋತ ತಿರುಗಿದ್ದೆ.

ಸಲಾಯಿನ್ ಹಚ್ಚಿದ ಮರುದಿನಕ್ಕ ಮಾತು ಸುಧಾರಿಸಿತು. ಮೂರನೇ ದಿನ ರಾತ್ರಿ "ಹೊರಗ ಹೋಗಬೇಕು" ಅಂದ್ರು. ಕೈ ಹಿಡಿದು ವಾರ್ಡಿನ ಸಂಡಾಸಕ್ಕ ಕರಕೊಂಡು ಹೋದೆ. ಅಲ್ಲಿ ಇದ್ದದ್ದು ಕಮೋಡು! ನಾ ಬಾಗಲದಾಗ ನಿಂತು ಇನ್ನೇನು ರಗಳಿ ಆಗತೈತೋ ಅಂತ ನೋಡಾಕತ್ತಿದ್ದೆ. ಅತ್ತಿಯವ್ರು ಸೀರಿ ಎತ್ತಿ ಹಿಡಕೊಂಡು, ಸುಮ್ಮ ಹೋಗಿ ಕುಂತು ಎದ್ದು ಬಂದ್ರು. ಒಂದು ಮಾತಿಲ್ಲ.

ನನಗ ಸಿಟ್ಟೂ ಬಂತು, ಅಳೂನೂ ಬಂತು. ಹಾಸಿಗಿ ಮ್ಯಾಲೆ ಕುಂಡ್ರಿಸಿ ಕೇಳಿದೆ, "ಅಲ್ರಿ ಅತ್ತಿ, ಇಲ್ಲೆ ಹೋಗ್ತೀರಿ, ಮನ್ಯಾಗ ಯಾಕ ಹೋಗಂಗಿಲ್ಲ?"

ಅವ್ರು ನನ್ನ ಹುಚ್ಚಿ ನೋಡಿದಂಗ ನೋಡಿದ್ರು. "ಇಲ್ಲೇನು ಜಗಲಿ ಐತೇನ?" ಅಂದ್ರು.

ಒಂದು ಗಳಿಗಿ ತಿಳೀಲಿಲ್ಲ. ಆಮ್ಯಾಲೆ ಅವರ ಹೇಳಿದ್ರು: "ಗ್ವಾಡಿ ಆ ಕಡೆ ನನ್ನ ದೇವ್ರು, ಈ ಕಡೆ ನಾ ಅಲ್ಲಿ ಕೂಡ್ಲೇನು? ಅರವತ್ತು ವರ್ಷ ಆ ಗ್ವಾಡಿಗೆ ಮಾರಿ ಮಾಡಿ ಪೂಜಿ ಮಾಡೇನಿ. ಅದಕ್ಕ ಬೆನ್ನು ಹಚ್ಚಿ ಕೂಡು ಅಂತೀರಿ ನೀವು."

"ಅವಾಗ ಯಾಕ ಹೇಳ್ಲಿಲ್ರಿ?" ಅಂದೆ.

"ಯಾರು ಕೇಳಿದ್ರು? ನೀವು ಮೂರೂ ಮಂದಿ ಹೇಳಿದ್ರಿ. ಒಬ್ಬರರ ಕೇಳಿದ್ರೇನು?"

ಆ ರಾತ್ರಿ ದವಾಖಾನಿ ನೆಲದ ಮ್ಯಾಲೆ ಚಾಪಿ ಹಾಸಿ ಮಲಗಿದ್ರೂ ನಿದ್ದಿ ಬರ್ಲಿಲ್ಲ. ಎರಡು ತಿಂಗಳು ನಾವು ಕುರ್ಚಿ ಹಂಗ ಕೂಡೋದರ ಬಗ್ಗೆ ಜಗಳಾಡಿದ್ವಿ. ಅವ್ರಿಗೆ ಕುರ್ಚಿ ಮ್ಯಾಲೆ ತಕರಾರ ಇರಲಿಲ್ಲ. ಇದ್ದದ್ದು ಗ್ವಾಡಿ ಮ್ಯಾಲೆ. ಹಟಮಾರಿ ಮುದುಕಿ ಅಂತ ನಾವು ಹೆಸರಿಟ್ಟಿದ್ವಿ. ಒಂದು ಮಾತು ಕೇಳಿದ್ರ ಮುಗೀತಿತ್ತು.

ಮನಿಗೆ ಬಂದ ಮ್ಯಾಲೂ ಏನು ಮಾಡೋದು ತಿಳೀವಲ್ದು. ರೊಕ್ಕಾ ಖರ್ಚಾಗಿತ್ತು, ಸಂಡಾಸ ಕಿತ್ತು ಬ್ಯಾರೆ ಕಡೆ ಇಡೋ ಹಂಗಿರಲಿಲ್ಲ. ಅವ್ರಿಗೆ ಇನ್ನೂ ಅಶಕ್ತಿ. ನಾ ಗುಳಿಗಿ ಕೊಡಾಕ ಹೋದ್ರ "ಇದನ್ನ ಎಂಟಾಣೆ ಮುರದು ಕೊಡ" ಅಂದ್ರು. ಅರ್ಧಾ ಅನ್ನಾಕ ಎಂಟಾಣೆ, ಕಾಲು ಭಾಗಕ್ಕ ನಾಕಾಣೆ, ಪೂರ್ತಿ ಕೆಲಸ ಮುಗದ್ರ ಹದಿನಾರಾಣೆ. ಅವ್ರ ಮಾತು ಹಂಗ. ನಾ ನಕ್ಕೋತ, "ಆಣೆ ಹೋಗಿ ಯಾವ ಕಾಲ ಆತ್ರಿ, ನೀವಿನ್ನೂ ಬಿಟ್ಟಿಲ್ಲ" ಅಂದೆ. ಅದಕ್ಕ ಅವ್ರು ತಮ್ಮಪ್ಪನ ಅಂಗಡಿ ಕಥಿ ಹೇಳಿದ್ರು. ಅವ್ರು ಹೇಳಿದ್ದು ನಮ್ಮ ಸಂಡಾಸದ ಸಲುವಾಗಿ ಅಲ್ಲ. ಆದ್ರ ನನಗ ದಾರಿ ಅಲ್ಲೇ ಸಿಕ್ತು.

1957ರ ಏಪ್ರಿಲ್ 1ಕ್ಕ ನಯಾ ಪೈಸೆ ಬಂತು. ಅತ್ತಿಯವ್ರಿಗೆ ಆವಾಗ 15, ಇನ್ನೂ ಲಗ್ನ ಆಗಿರಲಿಲ್ಲ. ನಮ್ಮ ಧಾರವಾಡದ ಕಡೆಯದೆಲ್ಲಾ ಮುಂಬೈ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕ ಸೇರಿ ಐದ ತಿಂಗಳಾಗಿತ್ತು. ರಾಜ್ಯ ಬದಲಾತು, ಬೆನ್ನಿಗೆ ರೊಕ್ಕಾನೂ ಬದಲಾತು. ಅದರಕಿಂತ ಮುಂಚೆ ರೂಪಾಯಿಗೆ 16 ಆಣೆ, ಆಣೆಗೆ 4 ಪೈಸೆ, ಒಟ್ಟು 64 ಪೈಸೆ. ಈಗ ರೂಪಾಯಿಗೆ 100 ನಯಾ ಪೈಸೆ. ನೂರನ್ನ ಹದಿನಾರಕ್ಕ ಭಾಗಿಸಿದ್ರ ಆರೂಕಾಲು ಬರತೈತಿ. ಕಾಲು ಪೈಸೆ ಎಲ್ಲಿಂದ ತರೋದು? ಅದಕ್ಕ ಸರಕಾರ ಒಂದು ಕೋಷ್ಟಕ ಮಾಡ್ತು: ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19, ನಾಕಾಣೆಗೆ 25.

ಹಳ್ಳಿ ಹೆಣ್ಣಮಕ್ಕಳು ಓದಿಲ್ಲಂದ್ರೂ ಲೆಕ್ಕದಾಗ ಮೋಸ ಹೋಗೋರಲ್ಲ. ಒಂದೊಂದಾಣೆ ನಾಕು ಸಲ ಕೊಟ್ರ 24 ಆಗತೈತಿ, ನಾಕಾಣೆ ಒಮ್ಮೆ ಕೊಟ್ರ 25. ಒಂದು ಪೈಸೆ ಎಲ್ಲಿ ಹೋತು? ಅಂಗಡಿಯಂವ ತಿಂದ ಅಂತ ಜಗಳ. "ಬ್ಯಾಡಪ್ಪ ನಿನ್ನ ಹೊಸಾ ರೊಕ್ಕಾ" ಅಂತ ಒಲ್ಲೆ ಅಂದವ್ರ ಬಹಳ ಮಂದಿ. ಅತ್ತಿಯವ್ರ ಅಪ್ಪ ಏನು ಮಾಡಿದ್ರಂದ್ರ, ಗಲ್ಲಾದಾಗ ಎರಡು ಡಬ್ಬಿ ಇಟ್ರು, ಹಳೇ ನಾಣ್ಯಕ್ಕ ಒಂದು, ಹೊಸಾದಕ್ಕ ಒಂದು. ಸರಕಾರನೂ ಹಳೇದನ್ನ ಒಮ್ಮೆಲೆ ಬಂದ್ ಮಾಡಿರಲಿಲ್ಲ, ಕೆಲವು ವರ್ಷ ಎರಡೂ ಕೂಡೇ ನಡದ್ವು. ಬಂದ ಹೆಣ್ಣಮಕ್ಕಳಿಗೆ ಅಪ್ಪ ಹೇಳತಿದ್ರಂತ: "ತಂಗಿ, ಒಂದಾಣೆ ಸಾಮಾನು ಒಯ್ಯಬ್ಯಾಡ. ನಾಕಾಣೆದು ಒಯ್ಯಿ. ನಾಕಾಣೆಗೆ ಲೆಕ್ಕಾ ಸರಿ ಬರತೈತಿ, ನಿನಗೂ ಲುಕ್ಸಾನ ಇಲ್ಲ, ನನಗೂ ಇಲ್ಲ." ಅಂವಾ ಯಾರಿಗೂ ಹಳೇದು ಬಿಡು ಅನ್ನಲಿಲ್ಲ, ಹೊಸಾದು ಹಿಡಿ ಅನ್ನಲಿಲ್ಲ. ನೋಡ್ಕೋತ ಇದ್ದಂಗ ಹಳೇ ಡಬ್ಬಿ ಖಾಲಿ ಆಕ್ಕೋತ ಬಂತಂತ.

1964ಕ್ಕ "ನಯಾ" ಅನ್ನೋದು ಬಿಟ್ಟು ಬರೇ ಪೈಸೆ ಆತು. ಆದ್ರ 25 ಪೈಸೆ ನಾಣ್ಯಕ್ಕ ಮಂದಿ ನಾಕಾಣೆ ಅನ್ನೋದು ಬಿಡ್ಲಿಲ್ಲ. ಆ ನಾಣ್ಯನ 2011ರ ಜೂನ್ 30ಕ್ಕ ಬಂದ್ ಆತು. ಆಣೆನೂ ಇಲ್ಲ, ನಾಕಾಣೆ ಪಾವಲಿನೂ ಇಲ್ಲ, ನಮ್ಮ ಅತ್ತಿಯವ್ರ ಗುಳಿಗಿ ಮಾತ್ರ ಎಂಟಾಣೆ.

ನಾ ಅದನ್ನ ಕೇಳ್ಕೋತ ಕುಂತಲ್ಲೆ ವಿಚಾರ ಮಾಡಿದೆ. ಮಂದಿ ಹೊಸಾದಕ್ಕ ಅಂಜಲಿಲ್ಲ, ಕಾಲು ಪೈಸೆ ಕಳಕೊಳ್ಳೋದಕ್ಕ ಅಂಜಿದ್ರು. ಯಾವ ಜಾಗಾದಾಗ ಏನೂ ಕಳೀದಿಲ್ಲೋ ಅಲ್ಲಿಂದ ದಾಟಿದ್ರು. ನಮ್ಮ ಮನ್ಯಾಗ ಅಂಥಾ ನಾಕಾಣೆ ಜಾಗಾ ಯಾವುದು?

ಈ ಸಲ ಕೇಳಿದೆ. ಮಧ್ಯಾಹ್ನ ಅವ್ರು ಬತ್ತಿ ಹೊಸಿಯಾಕ ಕುಂತಾಗ ನಾನೂ ಅರಳಿ ಹಿಡಕೊಂಡು ಬಾಜೂಕ ಕುಂತೆ. "ಅತ್ತಿ, ಹಿತ್ತಲದ ಸಂಡಾಸದಾಗ ನಿಮಗ ಯಾವುದು ತ್ರಾಸ, ಯಾವುದು ಛಲೋ?" ಅವ್ರು ಮೊದಲ ಏನೂ ಅನ್ನಲಿಲ್ಲ, ನಾ ಮತ್ತ ಎಲ್ಲಿಗೋ ಎಳೀತೇನಿ ಅಂತ ಸಂಶೇ. ಆಮ್ಯಾಲೆ ಒಂದೊಂದ ಬಂದ್ವು. ಕೂಡೋದು ಆಗತೈತಿ, ಏಳೋದು ಆಗಂಗಿಲ್ಲ. ನಲ್ಲಿ ಹಿಡಕೊಂಡು ಏಳ್ತೇನಿ, ಅದು ಅಲಗ್ಯಾಡತೈತಿ. ರಾತ್ರಿ ಲೈಟಿನ ಬಟನ್ ಅಡಗಿಮನಿ ಆಚೆ ಮೂಲ್ಯಾಗ ಐತಿ, ಅಲ್ಲಿತನಕ ಕತ್ತಲಾ. ಛಲೋ ಯಾವುದಂದ್ರ, ಮನಿಯಿಂದ ದೂರ ಐತಿ, ಬಂದು ಕೈಕಾಲು ತೊಳಕೊಂಡು ಒಳಗ ಬರಬಹುದು. "ಮನಿ ಮನಿ ಹಂಗ ಇರತೈತಿ" ಅಂದ್ರು.

ನಾವು ಮಾಡಿದ್ದು ಇಷ್ಟ. ಔಷಧ ಸಾಮಾನು ಮಾರೋ ಅಂಗಡ್ಯಾಗ ನಡುವ ತೂತು ಇರೋ, ಕೈ ಇರೋ ಕುರ್ಚಿ ಸಿಗತೈತಿ. ಅದನ್ನ ತಂದು ಹಳೇ ಸಂಡಾಸದ ಮ್ಯಾಲೆ ಸರಿಯಾಗಿ ಕುಂಡ್ರಿಸಿದ್ವಿ. ಕಾಲಿಗೆ ರಬ್ಬರ್ ಇರೋದು ನೋಡಿ ತಗೋಬೇಕು, ಇಲ್ಲಂದ್ರ ಜಾರತೈತಿ. ಗ್ವಾಡಿಗೆ ಗಟ್ಟಿ ಹಿಡಿಕಿ ಹಾಕಿಸಿದ್ವಿ. ಟಾವೆಲ್ ಹಾಕೋ ಸರಳು ಹಿಡಕೊಂಡು ಏಳಬಾರದು, ಅದು ಮೈಭಾರ ತಡಿಯಂಗಿಲ್ಲ. ಫರಸಿ ಮ್ಯಾಲೆ ಗೌಂಡಿ ಕಡೆಯಿಂದ ಖರಬರಾ ಸಿಮೆಂಟ್ ಬಳಿಸಿದ್ವಿ. ಲೈಟಿನ ಬಟನ್ ಒಂದು ಅವ್ರ ಮಂಚದ ತಲಿದೆಸಿಗೆ ತಂದ್ವಿ. ಒಳಗಿನ ಕಮೋಡಿನ ಖರ್ಚಿನ್ಯಾಗ ನಾಕಾಣೆ ಭಾಗನೂ ಆಗಲಿಲ್ಲ.

ಮೊದಲನೇ ದಿನ ಹೋಗಿ ಬಂದು ಏನೂ ಹೇಳ್ಲಿಲ್ಲ. ರಾತ್ರಿ ಊಟಕ್ಕ ಕುಂತಾಗ "ಮಜ್ಜಿಗಿ ಹಾಕ" ಅಂದ್ರು. ನಾ ವಾಟಗಾ ತುಂಬ ಹಾಕಿ ಅಡಗಿಮನಿಗೆ ಹೋಗಿ ಕಣ್ಣು ಒರಸಿಕೊಂಡೆ.

ಹಂಗ ಒಂದು ಚಳಿಗಾಲ, ಒಂದು ಬ್ಯಾಸಿಗಿ ಹೋತು. ಒಳಗಿನ ಸಂಡಾಸದ ಬಗ್ಗೆ ನಾ ಒಂದು ಮಾತೂ ಎತ್ತಲಿಲ್ಲ. ನಾಲಿಗಿ ತುದಿಗೆ ಬರತಿತ್ತು, ನುಂಗತಿದ್ದೆ. ಮಗಾ ಫೋನಿನ್ಯಾಗ "ಅಜ್ಜಿ ಒಳಗ ಹೋಗ್ತಾಳೇನು?" ಅಂತ ಕೇಳಿದ್ರ "ಅದನ್ನ ಕೇಳಬ್ಯಾಡ" ಅಂತಿದ್ದೆ. ಮುಂದಿನ ವರ್ಷ ಶ್ರಾವಣದಾಗ ಜೋರು ಮಳಿ. ಒಂದು ದಿನ ಪೂಜಿ ಮುಗಿಸಿ ಅತ್ತಿಯವ್ರ ಅಂದ್ರು, "ಈ ಜಗಲಿ ಇಲ್ಲೆ ಕತ್ತಲಾ ಆಗತೈತಿ. ಮೂಡಲ ಗ್ವಾಡಿಗೆ ಇಟ್ರ ಮುಂಜಾನೆ ಬಿಸಲು ಬರತೈತಿ. ಸೋಮವಾರ ಛಲೋ ದಿನ ಐತಿ, ಸರಿಸೋಣೇನು?"

ನಮ್ಮನಿಯವ್ರೂ ನಾನೂ ಒಬ್ಬರ ಮಾರಿ ಒಬ್ಬರು ನೋಡಿದ್ವಿ. ನಗಲೂ ಇಲ್ಲ, ಮಾತಾಡಲೂ ಇಲ್ಲ. ಸೋಮವಾರ ಅಯ್ಯನವ್ರನ್ನ ಕರಸಿ, ಪೂಜಿ ಮಾಡಿ, ಜಗಲಿ ಮೂಡಲ ಗ್ವಾಡಿಗೆ ಬಂತು. ಇದನ್ನ ನಾವ ಹೇಳಿದ್ದ್ರ? "ಸಂಡಾಸಕ್ಕಾಗಿ ದೇವರನ್ನ ಎಬ್ಬಸ್ತೀರಿ" ಅಂತ ಜೀವಮಾನ ಪೂರ್ತಿ ಅನ್ನಿಸಿಕೋತಿದ್ವಿ. ಅವ್ರು ಹೇಳಿದ್ದಕ್ಕ ಅದು ಪೂಜಿ ಆತು. ಆ ವಾರದ ಮಳ್ಯಾಗ ರಾತ್ರಿ ಒಳಗಿನ ಬಾಗಲದ ಸಪ್ಪಳಾ ಕೇಳಿತು. ನಾ ಎಚ್ಚರಿದ್ರೂ ಕಣ್ಣು ಮುಚ್ಚಿಕೊಂಡು ಮಲಗಿದೆ.

ಆದ್ರ ಒಂದು ಕರಾರ ಹಾಕಿದ್ರು: ಹಿತ್ತಲದ್ದು ಒಡೀಬಾರದು. ಹೂಂ ಅಂದ್ವಿ. ಹಗಲ ಹಿತ್ತಲದ್ದು, ರಾತ್ರಿ ಒಳಗಿಂದು, ಎರಡೂ ನಡದ್ವು, ಅಪ್ಪನ ಎರಡು ಡಬ್ಬಿ ಇದ್ದಂಗ.

ಇದನ್ನ ಓದಿ ಎಲ್ಲಾದಕ್ಕೂ ಹಿಂಗ ಕಾಯಬೇಕು ಅಂತ ತಿಳೀಬ್ಯಾಡ್ರಿ. ಗ್ಯಾಸ್ ಸೋರೂಮುಂದ, ಎದಿ ನೋವು ಬಂದಾಗ ಮನಸ್ಸು ಕೇಳ್ಕೋತ ಕುಂದ್ರಾಕ ಆಗಂಗಿಲ್ಲ. ನಮ್ಮ ಮನ್ಯಾಗೂ ಅವ್ರು ಬಿದ್ದ ಮರುದಿನಾನ ಆ ಕುರ್ಚಿ, ಆ ಲೈಟು ಬರಬೇಕಾಗಿತ್ತು. ಜೀವಕ್ಕ ಬೇಕಾದಷ್ಟು ಅವತ್ತ ಮಾಡೋದು, ಉಳದದ್ದಕ್ಕ ಅವ್ರಿಗೆ ಟೈಮ್ ಕೊಡೋದು. ನಾವು ಮಾಡಿದ್ದು ತಿರುಗಾಮುರುಗಾ. ದೊಡ್ಡ ಕೆಲಸ ಗಡಿಬಿಡಿಲೆ ಮಾಡಿ, ಬೇಕಾಗಿದ್ದ ಸಣ್ಣ ಕೆಲಸ ಬಿಟ್ಟಿದ್ವಿ.

ಅತ್ತಿಯವ್ರು ಹೋಗಿ ಈಗ ಎರಡು ವರ್ಷ ಆಗಾಕ ಬಂತು. ಕಡೀತನಕ ಬೀಳಲಿಲ್ಲ, ಕಡೀತನಕ ಮಜ್ಜಿಗಿ ಕುಡದ್ರು.

ಕಳೆದ ಯುಗಾದಿಗೆ ಮಗಾ-ಸೊಸಿ ಬಂದಿದ್ರು. ಮಗಾ ಹಿತ್ತಲದಾಗ ಟೇಪು ಹಿಡಕೊಂಡು ನಿಂತ. "ಅಮ್ಮಾ, ಈ ಹಳೇ ಸಂಡಾಸ ಯಾರೂ ಬಳಸಂಗಿಲ್ಲ. ಒಡದ್ರ ಕಾರ್ ನಿಲ್ಲಸಾಕ ಜಾಗಾ ಆಗತೈತಿ" ಅಂದ. ನನ್ನ ಬಾಯಿಂದ ತಟ್ಟನ ಬಂತು, "ಬ್ಯಾಡ." ಅಂವಾ ಸುರು ಮಾಡಿದ: ಮಳಿಗೆ ಗ್ವಾಡಿ ಬೀಳತೈತಿ, ಹಾವು-ಚೇಳು ಸೇರತಾವು, ನೀ ಯಾಕ ಹಿಂಗ ಹಟಾ ಮಾಡ್ತಿ. ಅಂವಾ ಹೇಳೋದೆಲ್ಲಾ ಖರೇನ. ಹೇಳಿದಷ್ಟೂ ನನ್ನ ಬ್ಯಾಡ ಗಟ್ಟಿ ಆಕ್ಕೋತ ಹೋತು. ಪಲ್ಲೆ ಬುಟ್ಟಿ ತಗೊಂಡು ಎದ್ದು ಒಳಗ ಹೋದ ಅತ್ತಿಯವ್ರು ಹೆಂಗ ಇದ್ರು ಅಂತ ಅವತ್ತ ನನಗ ಮೈಯಾಗ ತಿಳೀತು.

ಸೊಸಿ ಚಾ ತಂದು ಕೊಟ್ಟು ಬಾಜೂಕ ಕುಂತ್ಲು. "ಅತ್ತಿ, ಅದು ಇದ್ರ ನಿಮಗ ಹೆಂಗ ಅನ್ನಸ್ತೈತಿ?" ಅಂತ ಕೇಳಿದ್ಲು. ನಾ ಹೇಳಿದೆ. ಆ ಹಿಡಿಕಿ ಮ್ಯಾಲೆ ಅವ್ರ ಕೈ ತಿಕ್ಕಿ ತಿಕ್ಕಿ ಒಂದು ಕಡೆ ನುಣ್ಣಗ ಆಗೇತಿ. ಒಡೆಯೋದಿಲ್ಲ ಅಂತ ಮಾತು ಕೊಟ್ಟೇನಿ. ಅವ್ರಿಗೆ ಮಾಡಿದ ತಪ್ಪಿಗೆ ನಾ ಕೊಟ್ಟದ್ದು ಅದೊಂದ ಮಾತು. ಸೊಸಿ ಕೇಳಿ ಸುಮ್ಮನ ಕುಂತ್ಲು. ಸ್ವಲ್ಪ ಹೊತ್ತಿನ ಮ್ಯಾಲೆ, "ಹಿಡಿಕಿ ಒಳಗ ತಂದು ಹಾಕೋಣೇನ್ರಿ? ನಿಮಗೂ ಮುಂದ ಬೇಕಾಗತೈತಿ. ಉಳದದ್ದು ನೀವು ಯಾವಾಗ ಹೇಳ್ತೀರಿ ಆವಾಗ" ಅಂದ್ಲು. ದೀಪಾವಳಿತನಕ ವಿಚಾರ ಮಾಡ್ತೇನಿ ಅಂದೇನಿ. ಒಡಸ್ತೇನೋ ಇಲ್ಲೋ, ನನಗೂ ಇನ್ನೂ ಗೊತ್ತಿಲ್ಲ.

ಹಾಂ, ತಂಗಿ ಮಗಳ ಕಥಿ ಉಳೀತು. ನಾ ಅಕಿ ಅತ್ತಿಯವ್ರಿಗೆ ಫೋನ್ ಮಾಡ್ಲಿಲ್ಲ. "ನೀನ ಒಮ್ಮೆ ಕೇಳು, ಆ ಮಷೀನು ಹಾಕ್ಕೊಂಡ್ರ ಏನು ತ್ರಾಸ ಆಗತೈತಿ ಅಂತ. ಕೇಳಿ ಸುಮ್ಮನಾಗು, ನಡುವ ಬಾಯಿ ಹಾಕಬ್ಯಾಡ" ಅಂದೆ. ನಿನ್ನೆ ಮತ್ತ ಫೋನ್ ಬಂತು. ಅವ್ರು ಹೇಳಿದ್ರಂತ: "ಹಾಕ್ಕೊಂಡ್ರ ನಿಮ್ಮ ಮಾತಕಿಂತ ಮೊದಲ ಭಾಂಡೆ ಸಪ್ಪಳಾ ತಲಿಗೆ ಬಡೀತೈತಿ. ಅಡಗಿಮನ್ಯಾಗ ನಿಂತ್ರ ಹುಚ್ಚು ಹಿಡದಂಗ ಆಗತೈತಿ." ಮಷೀನು ಹಚ್ಚಿದವ್ರನ್ನ ಹೋಗಿ ಕೇಳಿದ್ದಕ್ಕ, ಮೊದಲ ಶಾಂತ ಖೋಲ್ಯಾಗ ದಿನಕ್ಕ ಒಂದೆರಡು ತಾಸು ಹಾಕ್ಕೊಂಡು ರೂಢಿ ಮಾಡ್ಕೋಬೇಕು, ಸಪ್ಪಳಾನೂ ಹೆಚ್ಚುಕಮ್ಮಿ ಮಾಡಿ ಕೊಡ್ತೇವಿ ಅಂದ್ರಂತ. ಈಗ ಸಂಜಿ ದೀಪಾ ಹಚ್ಚಿದ ಮ್ಯಾಲೆ ಮೊಮ್ಮಗಳ ಕೂಡ ಮಾತಾಡಾಕ ಅಷ್ಟ ಹಾಕ್ಕೋತಾರಂತ, ಉಳದ ಟೈಮ್ ಡಬ್ಬ್ಯಾಗ. ಡಬ್ಬಿ ಮಾತ್ರ ಟ್ರಂಕಿನಿಂದ ತಲಿದಿಂಬಿನ ಕಡೆ ಬಂದೈತಂತ.

"ಇಷ್ಟ ಆದ್ರ ಸಾಕೇನು ದೊಡ್ಡವ್ವಾ?" ಅಂತ ಕೇಳಿದ್ಲು. "ಸದ್ಯಕ್ಕ ನಾಕಾಣೆ ಆಗೇತಿ, ಸಾಕು ಬಿಡು" ಅಂದೆ.

ಮಳಿ ಸ್ವಲ್ಪ ನಿಂತಂಗ ಕಾಣತೈತಿ. ಅರಬಿ ಹೊರಗ ಹಾಕಿ ಬರ್ತೇನಿ.